ಪಂಪನ್ನು ಅದರ ಜಾಗದಲ್ಲೇ ಬಿಡಿ

ಹಳೆಯ ಕಾರುಗಳನ್ನು ರಿಸ್ಟೋರ್ ಮಾಡಿಸುವವರ ನಡುವೆ ಒಂದು ಮಾತು ಈಗ ವಾದದ ಹಂತ ದಾಟಿ ನಂಬಿಕೆಯಾಗಿಬಿಟ್ಟಿದೆ. ಎಂಜಿನ್ ಬಳಿ ಇರುವ ಪೆಟ್ರೋಲ್ ಪಂಪನ್ನು ಕಿತ್ತುಹಾಕಿ, ಹಿಂದೆ ಟ್ಯಾಂಕಿನ ಪಕ್ಕಕ್ಕೆ ಹೊಸ ಎಲೆಕ್ಟ್ರಿಕ್ ಪಂಪ್ ಕೂರಿಸಿ, ಘಾಟಿಯಲ್ಲಿ ಗಾಡಿ ನಿಲ್ಲುವ ಕಾಟ ಅಲ್ಲಿಗೆ ಮುಗಿಯಿತು. ಗ್ಯಾರೇಜಿನ ಮೇಸ್ತ್ರಿ ಇದನ್ನೇ ಹೇಳುತ್ತಾರೆ. ಕ್ಲಬ್ಬಿನ ಹಿರಿಯರು ಇದನ್ನೇ ಹೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರಂತೂ ಪಂಪನ್ನು ಕೈಗಿಡುತ್ತಲೇ ಇದನ್ನು ಹೇಳುತ್ತಾರೆ. ಕಾರಣ ಕೇಳಿದರೆ ಎರಡು ಸೂತ್ರಗಳು ಸಿದ್ಧವಾಗಿರುತ್ತವೆ: ಎಲೆಕ್ಟ್ರಿಕ್ ಪಂಪ್ ತಳ್ಳುತ್ತದೆ, ಎಳೆಯುವುದಿಲ್ಲ; ಮುಂದೆ ಬಿಸಿ, ಹಿಂದೆ ತಂಪು.

ಎರಡು ಸೂತ್ರಗಳಲ್ಲೂ ಸತ್ಯವಿದೆ. ಅವುಗಳಿಂದ ಹೊರಡಿಸಿದ ತೀರ್ಪು ಮಾತ್ರ ಹೆಚ್ಚಿನ ಕಾರುಗಳ ಮಟ್ಟಿಗೆ ತಪ್ಪು. ಪಂಪ್ ಎಲ್ಲಿರಬೇಕೆಂಬುದನ್ನು ಆ ಪಂಪಿನ ಮಾದರಿ ನಿರ್ಧರಿಸುತ್ತದೆ. ಕಾರಿನ ವಯಸ್ಸಾಗಲಿ ಮಾಲೀಕನ ಭಯವಾಗಲಿ ಅಲ್ಲ. ಕಂಪನಿ ಕೊಟ್ಟ ಪಂಪೇ ಉಳಿದಿದ್ದರೆ, ಕಂಪನಿ ಕೊಟ್ಟ ಜಾಗವೇ ಅದಕ್ಕೆ ಸರಿ. ಪಂಪ್ ಬದಲಾದರೆ ಜಾಗವೂ ಬದಲಾಗಬೇಕು, ಜೊತೆಗೆ ಇನ್ನೂ ನಾಲ್ಕಾರು ಸಂಗತಿಗಳು ಬದಲಾಗಬೇಕು. ಆ ನಾಲ್ಕಾರು ಸಂಗತಿಗಳನ್ನು ಬಿಟ್ಟು ಪಂಪನ್ನಷ್ಟೇ ಹಿಂದಕ್ಕೆ ಸಾಗಿಸುವುದೇ ಇವತ್ತಿನ ರೂಢಿ.

ಉದಾಹರಣೆಗೆ ಮಾರಿಸ್ ಮೈನರನ್ನು ತೆಗೆದುಕೊಳ್ಳುತ್ತೇನೆ. ಅಲೆಕ್ ಇಸಿಗೊನಿಸ್ ರೂಪಿಸಿದ, 1948ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಈ ಪುಟ್ಟ ಕಾರು ನಮ್ಮಲ್ಲೂ ಹಿಂದುಸ್ತಾನ್ ಮೋಟಾರ್ಸ್ ಮೂಲಕ 'ಬೇಬಿ ಹಿಂದುಸ್ತಾನ್' ಎಂಬ ಹೆಸರಿನಲ್ಲಿ ಓಡಿತು. ಇದರ ಟ್ಯಾಂಕು ಹಿಂದೆ ಡಿಕ್ಕಿಯ ಕೆಳಗಿದೆ. ಪಂಪ್ ಮಾತ್ರ ಮುಂದೆ ಬಾನೆಟ್ಟಿನೊಳಗೆ, ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆಯ ಮೇಲೆ, ಅಂದರೆ ಫೈರ್‌ವಾಲ್ ಮೇಲೆ ಇದೆ. ಅದು ಎಲೆಕ್ಟ್ರಿಕ್ ಪಂಪ್. ಕೀ ತಿರುಗಿಸಿದೊಡನೆ ಟಿಕ್ ಟಿಕ್ ಎನ್ನುವ ಎಸ್‌ಯು ಕಂಪನಿಯ ಪಂಪ್. ಎಲೆಕ್ಟ್ರಿಕ್ ಪಂಪ್ ಎಳೆಯುವುದಿಲ್ಲ ಎಂಬ ಸೂತ್ರ ಇಲ್ಲೇ ಮುಗ್ಗರಿಸುತ್ತದೆ. ಹದಿನಾರು ಲಕ್ಷದಷ್ಟು ಮೈನರ್‌ಗಳು ತಯಾರಾದವು. ಆ ಕಾರು ಎರಡು ದಶಕಕ್ಕೂ ಹೆಚ್ಚು ಕಾಲ ಹಿಂದಿನ ಟ್ಯಾಂಕಿನಿಂದ ಮುಂದಿನ ಪಂಪಿಗೆ ಪೆಟ್ರೋಲನ್ನು ಎಳೆದುಕೊಂಡೇ ಓಡಿದೆ.

ಎಸ್‌ಯು ಕಂಪನಿ ಎರಡು ಬೇರೆ ಬೇರೆ ಪಂಪುಗಳನ್ನು ಮಾಡುತ್ತಿತ್ತು. ಒಂದು ಎಲ್ ಮಾದರಿ. ಒತ್ತಡ ಕಡಿಮೆ, ಎಳೆಯುವ ಶಕ್ತಿ ಚೆನ್ನಾಗಿದೆ, ಬಾನೆಟ್ಟಿನೊಳಗೆ ಎತ್ತರದಲ್ಲಿ ಕೂರಲೆಂದೇ ಮಾಡಿದ್ದು. ಮತ್ತೊಂದು ಎಚ್‌ಪಿ ಮಾದರಿ. ಒತ್ತಡ ಸುಮಾರು ಇಮ್ಮಡಿ, ಎಳೆಯುವುದು ಕಡಿಮೆ, ಹಿಂದೆ ಟ್ಯಾಂಕಿನ ಬಳಿ ಕೂತು ಮುಂದಕ್ಕೆ ತಳ್ಳಲೆಂದು ಮಾಡಿದ್ದು. ಮೈನರ್‌ಗೆ ಎಲ್ ಬಂತು. ಎಂಜಿ ಕಾರುಗಳಲ್ಲಿ ಎರಡೂ ಕಾಣಸಿಗುತ್ತವೆ: ಎರಡನೇ ಮಹಾಯುದ್ಧ ಮುಗಿದೊಡನೆ ಬಂದ ಟಿಸಿಯಲ್ಲಿ ಪಂಪ್ ಫೈರ್‌ವಾಲ್ ಮೇಲಿದೆ, 1955ರ ಎಂಜಿಎಯಲ್ಲಿ ಹಿಂದಿದೆ. ಎರಡನ್ನೂ ಯೋಚಿಸಿಯೇ ಇಟ್ಟಿದ್ದಾರೆ. ಹೊರಗಿನಿಂದ ಎರಡೂ ಪಂಪುಗಳು ಅಣ್ಣತಮ್ಮಂದಿರಂತೆ ಕಾಣುವುದರಿಂದ ಗುಜರಿಯಲ್ಲಿ ಸಿಕ್ಕಿದ್ದನ್ನು ಸಿಕ್ಕ ಜಾಗಕ್ಕೆ ಬೋಲ್ಟ್ ಮಾಡುವುದು ನಡೆದೇ ಇದೆ. ಎಚ್‌ಪಿಯನ್ನು ಫೈರ್‌ವಾಲ್ ಮೇಲೆ ಕೂರಿಸಿದರೆ ಎಳೆಯಲು ಒದ್ದಾಡುತ್ತದೆ. ಎಲ್ ಅನ್ನು ಹಿಂದೆ ಕೂರಿಸಿದರೆ ಏರಿನಲ್ಲಿ ಕಾರ್ಬ್ಯುರೇಟರಿಗೆ ಸಾಕಷ್ಟು ಪೆಟ್ರೋಲ್ ತಲುಪುವುದಿಲ್ಲ. ಆಗ 'ಈ ಹಳೇ ಪಂಪ್ ದಂಡ' ಎಂಬ ಶಿಫಾರಸು ಬರುತ್ತದೆ.

ಪಂಪಿಗಿಂತ ಮೊದಲಿನ ಕಾಲವನ್ನು ನೋಡಿದರೂ ಸಂಗತಿ ಇದೇ. ಫೋರ್ಡ್ ಮಾಡೆಲ್ ಟಿಯಲ್ಲಿ ಪಂಪೇ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ಕಡಿದಾದ ಏರಿನಲ್ಲಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದರೆ, ಜನ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಹತ್ತಿಸುತ್ತಿದ್ದರು. 1920ರ ದಶಕದ ದೊಡ್ಡ ಕಾರುಗಳಲ್ಲಿದ್ದ ಆಟೊವ್ಯಾಕ್, ಎಂಜಿನ್ನಿನ ಎಳೆತದಿಂದಲೇ ಪೆಟ್ರೋಲನ್ನು ಮೇಲಿನ ಪುಟ್ಟ ಟ್ಯಾಂಕಿಗೆ ತಂದು ಅಲ್ಲಿಂದ ಕೆಳಗಿಳಿಸುತ್ತಿತ್ತು. ಉದ್ದನೆಯ ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದರೆ ಎಳೆತ ಕುಸಿದು ಅದೂ ಕೈಕೊಡುತ್ತಿತ್ತು. ಪ್ರತಿಯೊಂದು ವ್ಯವಸ್ಥೆಗೂ ತನ್ನದೇ ಎತ್ತರ, ತನ್ನದೇ ಮಿತಿ. ಎಲ್ಲ ಕಾರಿಗೂ ಒಂದೇ ಜಾಗ ಎಂಬುದು ಯಾವ ಕಾಲದಲ್ಲೂ ಇರಲಿಲ್ಲ.

ಈಗ ಬಿಸಿಯ ಸೂತ್ರಕ್ಕೆ ಬರೋಣ. ಇಲ್ಲಿ ಲೆಕ್ಕ ಹಾಕದೆ ಮಾತಾಡುವವರೇ ಹೆಚ್ಚು. ವೇಪರ್ ಲಾಕ್ ಎಂದರೆ ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಕುದಿದು ಆವಿಯಾಗಿ, ಪಂಪ್ ಆ ಆವಿಯನ್ನೇ ಜಗ್ಗಾಡುತ್ತಾ ದ್ರವವನ್ನು ಸಾಗಿಸಲಾರದೆ ಸೋಲುವುದು. ಕುದಿಯುವುದಕ್ಕೆ ಎರಡು ದಾರಿಗಳಿವೆ: ಬಿಸಿ ಏರಬೇಕು, ಇಲ್ಲವೇ ಒತ್ತಡ ಇಳಿಯಬೇಕು. ಮುಂದಿನ ಪಂಪ್ ಹಿಂದಿನಿಂದ ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಆದ್ದರಿಂದ ಬೇಗ ಕುದಿಯುತ್ತದೆ ಎಂಬುದು ಹಿಂದಕ್ಕೆ ಸಾಗಿಸುವವರ ವಾದ. ನಿಜ. ಆದರೆ ಎಷ್ಟು ಇಳಿಯುತ್ತದೆ?

ಮೈನರ್‌ನಲ್ಲಿ ಟ್ಯಾಂಕಿಗೂ ಪಂಪಿಗೂ ಅರ್ಧ ಮೀಟರಿನ ಆಸುಪಾಸು ಎತ್ತರದ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಪೆಟ್ರೋಲ್ ನೀರಿಗಿಂತ ಹಗುರ. ಅಷ್ಟು ಎತ್ತರ ಏರಿಸಲು ಬೇಕಾಗುವ ಎಳೆತ ನಾಲ್ಕು ಕಿಲೋಪಾಸ್ಕಲ್‌ಗಿಂತ ಕಡಿಮೆ. ಬೆಂಗಳೂರಿನಲ್ಲಿ, ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿ, ವಾತಾವರಣದ ಒತ್ತಡವೇ ಸುಮಾರು 91 ಕಿಲೋಪಾಸ್ಕಲ್. ಮಂಗಳೂರಿನಲ್ಲಿ ಅದು 101. ಅಂದರೆ ಕರಾವಳಿಯಿಂದ ಘಟ್ಟ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಕಾರು ಕಳೆದುಕೊಳ್ಳುವ ಒತ್ತಡ, ಪಂಪ್ ಮುಂದಿರುವುದರಿಂದ ಕಳೆದುಕೊಳ್ಳುವುದರ ಎರಡೂವರೆ ಪಟ್ಟು. ಊಟಿಗೆ ಹೋದರೆ ಇನ್ನೂ ಹೆಚ್ಚು.

ನಮ್ಮ ಪೆಟ್ರೋಲಿನ ಆವಿಯ ಒತ್ತಡ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ಕಿಲೋಪಾಸ್ಕಲ್ ಎಂದು ಹಿಡಿದು ಅಂದಾಜು ಹಾಕಿದರೆ, ಬೆಂಗಳೂರಿನ ಗಾಳಿಯಲ್ಲಿ ಅದು ಕುದಿಯತೊಡಗುವುದು 50 ಡಿಗ್ರಿ ಸುಮಾರಿಗೆ. ಪಂಪ್ ಮುಂದಿದ್ದು ಎಳೆಯುತ್ತಿದ್ದರೆ 49 ಡಿಗ್ರಿಗೆ. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಡಿಗ್ರಿ! ಪಂಪನ್ನು ಹಿಂದಕ್ಕೆ ಹಾಕಿ, ಪೈಪಿನುದ್ದಕ್ಕೂ 3 ಪಿಎಸ್‌ಐ, ಅಂದರೆ ಸುಮಾರು 20 ಕಿಲೋಪಾಸ್ಕಲ್ ಒತ್ತಡ ಕೊಟ್ಟರೆ ಅದೇ ಪೆಟ್ರೋಲ್ 56 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಲಾಭವಿಲ್ಲ ಎಂದು ನಾನು ಹೇಳುತ್ತಿಲ್ಲ. ಏಳೆಂಟು ಡಿಗ್ರಿಯ ಲಾಭವಿದೆ. ಆದರೆ ಟ್ರಾಫಿಕ್‌ನಲ್ಲಿ ನಿಂತ ಹಳೆಯ ಕಾರಿನ ಬಾನೆಟ್ಟಿನೊಳಗಿನ ಬಿಸಿ 56ಕ್ಕೆ ಕೈಮುಗಿದು ನಿಲ್ಲುವುದಿಲ್ಲ, 70 ದಾಟುವುದು ಸಾಮಾನ್ಯ. ಪೈಪು ಸೈಲೆನ್ಸರಿಗೆ ಒಂದು ಅಂಗುಲ ಹತ್ತಿರ ಹಾದುಹೋದರೆ ಈ ಏಳೆಂಟು ಡಿಗ್ರಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ರೇಡಿಯೇಟರ್ ಸ್ವಚ್ಛ ಮಾಡಿಸಿ, ಟೈಮಿಂಗ್ ಸರಿಯಿಟ್ಟು, ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ, ಕಳೆದುಹೋದ ಹೀಟ್ ಶೀಲ್ಡ್ ತಗಡನ್ನು ಮರಳಿ ಹಾಕಿದರೆ ಅದಕ್ಕಿಂತ ದೊಡ್ಡ ಲಾಭ ಸಿಗುತ್ತದೆ, ಅದೂ ಕಾರಿಗೆ ಒಂದು ಹೊಸ ತೂತು ಕೊರೆಯದೆ.

ಇನ್ನೊಂದು ಸಂಗತಿ ಈ ಚರ್ಚೆಯಲ್ಲಿ ಸದಾ ಮರೆತುಹೋಗುತ್ತದೆ. ಒತ್ತಡವೆಲ್ಲ ಪೈಪಿನೊಳಗೆ ಮಾತ್ರ. ಕಾರ್ಬ್ಯುರೇಟರಿನ ನೀಡಲ್ ವಾಲ್ವ್ ದಾಟಿ ಫ್ಲೋಟ್ ಚೇಂಬರಿಗೆ ಬಿದ್ದೊಡನೆ ಪೆಟ್ರೋಲ್ ಬರೀ ಗಾಳಿಯ ಒತ್ತಡದಲ್ಲಿರುತ್ತದೆ. ಮೈನರ್‌ಗೆ 1952ರಿಂದ ಬಂದ ಎ ಸೀರೀಸ್ ಎಂಜಿನ್ನಿನಲ್ಲಿ ಪೆಟ್ರೋಲ್ ಒಳಹೋಗುವ ದಾರಿಯೂ ಹೊಗೆ ಹೊರಬರುವ ದಾರಿಯೂ ಒಂದೇ ಬದಿಗಿವೆ. ಕಾರ್ಬ್ಯುರೇಟರ್ ಕೆಂಡದಂಥ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೇ ಕೂತಿದೆ. ಘಾಟಿ ಹತ್ತಿ ಮೇಲೆ ಕಾಫಿಗೆಂದು ಕಾರು ನಿಲ್ಲಿಸುತ್ತೀರಿ. ಫ್ಯಾನ್ ನಿಂತಿತು, ನೀರಿನ ಹರಿವು ನಿಂತಿತು, ಎಂಜಿನ್ನಿನ ಬಿಸಿಯೆಲ್ಲ ಮೇಲಕ್ಕೇರಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಗಾಡಿ ಗೊಣಗುತ್ತದೆ. ಇದು ಪಂಪಿನ ತಪ್ಪಲ್ಲ. ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿನೊಳಗೆ ಉಕ್ಕಿ, ಎಂಜಿನ್ ಅತಿಯಾದ ಪೆಟ್ರೋಲಿನಿಂದ ಉಸಿರುಗಟ್ಟಿದೆ. ಈ ಕಾಯಿಲೆಗೆ ಪಂಪನ್ನು ಡಿಕ್ಕಿಗೆ ಸಾಗಿಸಿದರೂ ಒಂದೇ, ಹಿಂದೆ ಟ್ರೈಲರ್ ಕಟ್ಟಿ ಅದರಲ್ಲಿಟ್ಟರೂ ಒಂದೇ.

ಇನ್ನು ಸ್ಪಾರ್ಕಿನ ವ್ಯವಸ್ಥೆಯಲ್ಲಿ, ಬಿಸಿಯಾದಾಗ ಮಾತ್ರ ಕೈಕೊಡುವ ಕಂಡೆನ್ಸರ್ ಮತ್ತು ಕಾಯಿಲ್! ಬಿಸಿ ಎಂಜಿನ್, ಗಾಡಿ ನಿಂತಿತು, ಅರ್ಧ ಗಂಟೆ ಬಿಟ್ಟು ತಾನಾಗಿ ಸ್ಟಾರ್ಟ್ ಆಯಿತು. ಲಕ್ಷಣಗಳು ಪೂರಾ ವೇಪರ್ ಲಾಕಿನವೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ, ಗಾಡಿ ನಿಂತಿತು ಎಂದರೆ ಪಂಪ್ ಕಿತ್ತು ಹಿಂದೆ ಹಾಕು ಎನ್ನುವವರು ಸ್ಪಾರ್ಕ್ ಇತ್ತೇ ಎಂದು ನೋಡುವುದೂ ಇಲ್ಲ.

ಮುಂದಿನ ಪಂಪಿನ ನಿಜವಾದ ದೌರ್ಬಲ್ಯ ಬೇರೆಯೇ ಇದೆ. ಅದನ್ನು ಒಪ್ಪಿಕೊಳ್ಳಲೇಬೇಕು. ಎಳೆಯುವ ಪೈಪಿನಲ್ಲಿ ಎಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಪೆಟ್ರೋಲಿನ ಬದಲು ಗಾಳಿ ಬರುತ್ತದೆ. ಮೇಲ್ಭಾಗದಲ್ಲಿ ಸೀಳಿದ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಹೊರಗೆ ಒಂದು ಹನಿ ತೊಟ್ಟಿಕ್ಕುವುದಿಲ್ಲ, ವಾಸನೆ ಬರುವುದಿಲ್ಲ, ಆದ್ದರಿಂದ ಯಾರಿಗೂ ಸೀಳು ಕಾಣುವುದಿಲ್ಲ. ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಹೋಸ್, ಮತ್ತೆ ಮತ್ತೆ ಬಳಸಿ ಚಪ್ಪಟೆಯಾದ ಬ್ಯಾನ್ಜೊ ಬೋಲ್ಟಿನ ವಾಷರ್, ಟ್ಯಾಂಕಿನೊಳಗಿನ ತುಕ್ಕು ಹಿಡಿದ ಪೈಪು, ಪಂಪಿನ ಬುಡದ ಫಿಲ್ಟರಿನ ಮುಚ್ಚಳ: ಗಾಳಿ ನುಗ್ಗುವುದು ಸಾಮಾನ್ಯವಾಗಿ ಇಲ್ಲಿಂದ. ಗ್ಯಾರೇಜಿನಲ್ಲಿ 'ಏರ್ ಲಾಕ್' ಎಂದು ಕರೆಸಿಕೊಳ್ಳುವ ಬಹಳಷ್ಟು ಪ್ರಕರಣಗಳಲ್ಲಿ ಪೆಟ್ರೋಲ್ ಕುದಿದಿರುವುದೇ ಇಲ್ಲ, ಹೊರಗಿನ ಗಾಳಿ ಒಳಬಂದಿರುತ್ತದೆ.

ಇದನ್ನು ಪತ್ತೆಹಚ್ಚಲು ಎಸ್‌ಯು ಪಂಪಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದರೊಳಗೆ ಒಂದು ಸೊಲೆನಾಯ್ಡ್ ಡಯಾಫ್ರಮನ್ನು ಎಳೆಯುತ್ತದೆ, ಪಾಯಿಂಟ್ ತೆರೆದುಕೊಳ್ಳುತ್ತದೆ, ಸ್ಪ್ರಿಂಗು ಡಯಾಫ್ರಮನ್ನು ಮರಳಿ ನೂಕಿ ಪೆಟ್ರೋಲನ್ನು ಮುಂದೆ ಕಳಿಸುತ್ತದೆ; ಒಂದು ಸಲ ಹೀಗಾದರೆ ಒಂದು ಟಿಕ್. ಫ್ಲೋಟ್ ಚೇಂಬರ್ ತುಂಬಿದಾಗ ಸ್ಪ್ರಿಂಗು ಅಲ್ಲೇ ತಡೆದು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಕಿವಿಗೊಡಿ. ಮೊದಲು ವೇಗವಾಗಿ ಬಡಿದು, ನಿಧಾನವಾಗಿ, ನಿಂತರೆ ಎಲ್ಲ ಸರಿ. ಒಂದೇ ಸಮನೆ ಬಡಬಡಿಸುತ್ತಿದ್ದರೆ ಗಾಳಿ ಎಳೆಯುತ್ತಿದೆ ಅಥವಾ ಟ್ಯಾಂಕ್ ಖಾಲಿ. ನಿಂತು ನಿಂತು ಆಗಾಗ ಒಂದೊಂದು ಟಿಕ್ ಬಂದರೆ ಪಂಪಿನ ವಾಲ್ವ್ ಅಥವಾ ಕಾರ್ಬ್ಯುರೇಟರಿನ ನೀಡಲ್ ಸೋರುತ್ತಿದೆ. ಸದ್ದೇ ಇಲ್ಲದಿದ್ದರೆ ಪಾಯಿಂಟ್ ಸುಟ್ಟಿದೆ ಅಥವಾ ಕರೆಂಟ್ ಬರುತ್ತಿಲ್ಲ. ಬಾನೆಟ್ಟಿನೊಳಗೆ, ಕೈಗೆ ಕಿವಿಗೆ ಹತ್ತಿರವಿರುವ ಪಂಪ್ ಇಷ್ಟನ್ನೂ ತಾನೇ ಹೇಳುತ್ತದೆ. ಅದನ್ನು ಹಿಂದಿನ ಚಕ್ರದ ಬಳಿ ಮಣ್ಣು ಕೆಸರಿನಲ್ಲಿ ಬೋಲ್ಟ್ ಮಾಡಿ, ಆಮೇಲೆ ರಸ್ತೆಬದಿಯಲ್ಲಿ ಜಾಕ್ ಏರಿಸಿ ಮಲಗಿಕೊಂಡು ಹುಡುಕುವುದನ್ನು ಸುಧಾರಣೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಎಂಜಿಬಿಯನ್ನು ಮಾಡಿದವರೂ ಮೊದಲು ಕಾರಿನಡಿ ಇಟ್ಟಿದ್ದ ಪಂಪಿನ ಕರೆಂಟಿನ ಭಾಗವನ್ನು ಆಮೇಲೆ ಡಿಕ್ಕಿಯ ಒಳಕ್ಕೆ ಸರಿಸಿದರು.

ಪಂಪನ್ನು ಹಿಂದಕ್ಕೆ ಹಾಕಿದರೆ ಗಾಳಿ ನುಗ್ಗುವ ಕಾಟ ನಿಲ್ಲುತ್ತದೆಯೇ? ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆ ಎಂದು ಯೋಚಿಸಿದರೆ ಮಾತ್ರ ಭಯವಾಗಬೇಕು. ಆ ಸೀಳು ಈಗಲೂ ಅಲ್ಲೇ ಇದೆ. ಮೊದಲು ಅದರ ಮೂಲಕ ಗಾಳಿ ಒಳಗೆ ಬರುತ್ತಿತ್ತು, ಈಗ ಅದರ ಮೂಲಕ ಪೆಟ್ರೋಲ್ ಹೊರಗೆ ಹೋಗುತ್ತದೆ. ಅರವತ್ತು ವರ್ಷದ ಲೋಹದ ಪೈಪು, ಸೀಟುಗಳ ಕೆಳಗೆ, ಸೈಲೆನ್ಸರಿನ ನೆರೆಯಲ್ಲಿ, ಮೂರು ಮೀಟರಿನಷ್ಟು ಉದ್ದಕ್ಕೆ ಒತ್ತಡದ ಪೆಟ್ರೋಲ್ ಹೊತ್ತು ಓಡುತ್ತಿದೆ. ಕಂಪನಿ ಆ ಪೈಪನ್ನು ಎಳೆತಕ್ಕೆಂದು ಹಾಕಿತ್ತು. ಅದು ತೂತಾದರೆ ಗಾಡಿ ನಿಲ್ಲುತ್ತಿತ್ತು, ಅಷ್ಟೇ. ಒತ್ತಡದ ಪೈಪು ತೂತಾದರೆ ಗಾಡಿ ನಿಲ್ಲುವುದಿಲ್ಲ. ಪಂಪ್ ಇನ್ನಷ್ಟು ಹುರುಪಿನಿಂದ ಪೆಟ್ರೋಲನ್ನು ಬಿಸಿ ಸೈಲೆನ್ಸರಿನ ಮೇಲೆ ಚಿಮ್ಮುತ್ತಾ, ಎಂಜಿನ್ನಿಗೂ ಒಂದಿಷ್ಟು ಕೊಡುತ್ತಾ ಓಡಿಸುತ್ತಿರುತ್ತದೆ. ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ಬಿರುಕಿದ್ದರೆ ಎಳೆಯುವ ಪೈಪಿನಿಂದಲೂ ನಿಂತ ಕಾರಿನಲ್ಲಿ ತೊಟ್ಟಿಕ್ಕಬಹುದು, ಸರಿ. ಆದರೆ ತೊಟ್ಟಿಕ್ಕುವುದಕ್ಕೂ ಚಿಮ್ಮುವುದಕ್ಕೂ ಇರುವ ಅಂತರ ಬೆಂಕಿ ಕಂಡವರಿಗೆ ಗೊತ್ತು. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಇದೇ ದೊಡ್ಡ ಅಂಶ, ಮತ್ತು ಪಂಪ್ ಮಾರುವವರ ಬಾಯಲ್ಲಿ ಒಮ್ಮೆಯೂ ಬಾರದ ಅಂಶ.

ಫಿಯಟ್ 1100 ಮತ್ತು ಪ್ರೀಮಿಯರ್ ಪದ್ಮಿನಿಯ ಕಥೆ ಸ್ವಲ್ಪ ಬೇರೆ. ಇವುಗಳ ಪಂಪ್ ಮೆಕ್ಯಾನಿಕಲ್. ಎಂಜಿನ್ ಬ್ಲಾಕಿಗೇ ಬೋಲ್ಟ್ ಆಗಿದ್ದು, ಕ್ಯಾಮ್‌ಶಾಫ್ಟ್ ತಿರುಗಿದಂತೆ ಬಡಿದುಕೊಳ್ಳುತ್ತದೆ. ಘಾಟಿಯಲ್ಲಿ ಇದರ ಮೇಲೆ ಒದ್ದೆ ಬಟ್ಟೆ ಸುತ್ತಿ ನೀರು ಹನಿಸಿದ ಅನುಭವ ನಮ್ಮ ಹಳೆಯ ಡ್ರೈವರ್‌ಗಳಲ್ಲಿ ಯಾರಿಗೆ ಇಲ್ಲ? ಬ್ಲಾಕಿನ ಬಿಸಿ ನೇರ ಪಂಪಿಗೆ ಏರುತ್ತದೆ ಎಂಬುದು ನಿಜ. ಆ ಬಿಸಿ ತಡೆಯಲೆಂದೇ ಪಂಪಿಗೂ ಬ್ಲಾಕಿಗೂ ನಡುವೆ ಶಾಖ ಹಾಯದ ದಪ್ಪನೆಯ ಸ್ಪೇಸರ್ ಇಟ್ಟು, ಎರಡೂ ಬದಿಗೆ ಗ್ಯಾಸ್ಕೆಟ್ ಕೊಡುತ್ತಿದ್ದರು. ಎಷ್ಟೋ ಸಲ ಬಿಚ್ಚಿ ಜೋಡಿಸಿದ ಎಂಜಿನ್ನುಗಳಲ್ಲಿ ಆ ಸ್ಪೇಸರ್ ಬಿರಿದಿರುತ್ತದೆ, ತೆಳುವಾಗಿರುತ್ತದೆ, ಇಲ್ಲವೇ ಅದರ ಜಾಗದಲ್ಲಿ ಯಾರೋ ಅಲ್ಯೂಮಿನಿಯಂ ತುಂಡು ಕಡೆದು ಹಾಕಿರುತ್ತಾರೆ. ಗ್ಯಾಸ್ಕೆಟ್ ದಪ್ಪ ಹೆಚ್ಚುಕಡಿಮೆಯಾದರೆ ಪಂಪಿನ ಸ್ಟ್ರೋಕ್ ಕೂಡ ಹೆಚ್ಚುಕಡಿಮೆಯಾಗುತ್ತದೆ. ಇಷ್ಟನ್ನು ಸರಿಮಾಡಿ, ಒಳ್ಳೆಯ ಡಯಾಫ್ರಮ್ ಹಾಕಿದ ಪದ್ಮಿನಿ ಒದ್ದೆ ಬಟ್ಟೆಯಿಲ್ಲದೆ ಘಾಟಿ ಹತ್ತುತ್ತದೆ. ಮುಂಬೈಯ ಕಾಲಿಪೀಲಿ ಟ್ಯಾಕ್ಸಿಗಳು ಮೇ ತಿಂಗಳ ಟ್ರಾಫಿಕ್‌ನಲ್ಲಿ ದಶಕಗಳ ಕಾಲ ದುಡಿದದ್ದು ಇಂಥ ಎಂಜಿನ್ನುಗಳಿಂದಲೇ.

ಮೆಕ್ಯಾನಿಕಲ್ ಪಂಪಿಗೆ ಇನ್ನೊಂದು ಗುಣವಿದೆ. ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಅಪಘಾತವಾಗಿ ಪೈಪು ಹರಿದರೆ ಪೆಟ್ರೋಲ್ ತಳ್ಳುವವರೇ ಇರುವುದಿಲ್ಲ. ಅದಕ್ಕೊಂದು ದೋಷವೂ ಇದೆ: ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರಬಹುದು. ಆದ್ದರಿಂದಲೇ ನಮ್ಮ ಗ್ಯಾರೇಜುಗಳಲ್ಲಿ ಪ್ರಚಲಿತವಿರುವ ಒಂದು ಏರ್ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಮೆಕ್ಯಾನಿಕಲ್ ಪಂಪನ್ನು ಹಾಗೇ ಬಿಟ್ಟು, ಅದರ ಹಿಂದಿನಿಂದ ಎಲೆಕ್ಟ್ರಿಕ್ ಪಂಪಿನಲ್ಲಿ ತಳ್ಳಿಸುವುದು. ಹಳೆಯ ಡಯಾಫ್ರಮ್ ಹರಿದ ದಿನ ಎಲೆಕ್ಟ್ರಿಕ್ ಪಂಪ್ ಯಾವ ಅಡ್ಡಿಯೂ ಇಲ್ಲದೆ ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿನ ಆಯಿಲ್ ಸಂಪ್‌ಗೆ ಇಳಿಸುತ್ತಾ ಹೋಗುತ್ತದೆ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಹೋಗುವುದು ಅದೃಷ್ಟವಿದ್ದವರಿಗೆ. ಇಲ್ಲದವರಿಗೆ ಆಗುವುದನ್ನು ಬರೆಯಬೇಕಿಲ್ಲ. ಇದರ ತಮ್ಮನಂತಿರುವ ಇನ್ನೊಂದು ಏರ್ಪಾಡು, ತಳ್ಳಲೆಂದೇ ಮಾಡಿದ ಅಗ್ಗದ ಎಲೆಕ್ಟ್ರಿಕ್ ಪಂಪನ್ನು ಬಾನೆಟ್ಟಿನೊಳಗೆ ಬ್ಯಾಟರಿ ಪಕ್ಕ ಟೈ ಹಾಕಿ ಕಟ್ಟುವುದು. ಅದು ಎಳೆಯಲಾರದು, ಬಿಸಿ ತಾಳದು, ಬೇಗ ಸಾಯುತ್ತದೆ. ಎಲೆಕ್ಟ್ರಿಕ್ ಪಂಪ್ ಮುಂದಿಡಬಾರದು ಎಂಬ ಸೂತ್ರ ಹುಟ್ಟಿದ್ದು ಇಂಥ ಪಂಪುಗಳಿಂದ, ಮತ್ತು ಇಂಥ ಪಂಪುಗಳ ವಿಷಯದಲ್ಲಿ ಆ ಸೂತ್ರ ಪೂರ್ತಿ ಸರಿ. ಅದನ್ನು ಎಸ್‌ಯುವಿನ ಎಲ್ ಮಾದರಿಗೂ ಅಂಟಿಸಿದ್ದೇ ಎಡವಟ್ಟು.

ಹಿಂದಕ್ಕೆ ಹಾಕಲೇಬೇಕಾದ ಸಂದರ್ಭಗಳಿಲ್ಲವೇ? ಇವೆ. ಕಂಪನಿಯೇ ಹಿಂದೆ ಇಟ್ಟಿದ್ದರೆ ಅಲ್ಲೇ ಇರಲಿ. ಬೇರೆ ಎಂಜಿನ್ ಹಾಕಿಸಿದ ಕಾರು, ಮೂಲ ಪಂಪ್ ಎಲ್ಲೂ ಸಿಗದ ಕಾರು, ತಿಂಗಳುಗಟ್ಟಲೆ ನಿಂತು ಫ್ಲೋಟ್ ಚೇಂಬರ್ ಒಣಗಿಹೋಗುವ ಕಾರು, ಇವಕ್ಕೆ ಹೊಸ ಎಲೆಕ್ಟ್ರಿಕ್ ಪಂಪ್ ಅನಿವಾರ್ಯವಾಗಬಹುದು. ಹಾಗಿದ್ದರೆ ಅರ್ಧ ಕೆಲಸ ಮಾಡಬೇಡಿ. ಮೆಕ್ಯಾನಿಕಲ್ ಪಂಪನ್ನು ಪೈಪಿನ ದಾರಿಯಿಂದ ಪೂರ್ತಿ ತಪ್ಪಿಸಿ. ಹೊಸ ಪಂಪ್ ಟ್ಯಾಂಕಿನ ಬುಡದ ಮಟ್ಟಕ್ಕಿರಲಿ ಅಥವಾ ಅದಕ್ಕಿಂತ ಕೆಳಗಿರಲಿ, ಹೊರಹೋಗುವ ಬಾಯಿ ಮೇಲ್ಮುಖವಾಗಿರಲಿ, ಸೈಲೆನ್ಸರಿನ ಎದುರು ಬದಿಗಿರಲಿ, ಚಕ್ರ ಎಸೆಯುವ ಕಲ್ಲಿಗೂ ಹಿಂದಿನಿಂದ ಗುದ್ದುವ ಬಸ್ಸಿಗೂ ಮೊದಲು ಸಿಗುವ ಜಾಗದಲ್ಲಿ ಇರದಿರಲಿ. ಒತ್ತಡ ನೋಡಿ ಕೊಳ್ಳಿ. ಎಸ್‌ಯು ಕಾರ್ಬ್ಯುರೇಟರಿನ ನೀಡಲ್ 3 ಪಿಎಸ್‌ಐ ದಾಟಿದರೆ ಪೆಟ್ರೋಲನ್ನು ತಡೆಹಿಡಿಯಲು ಕಷ್ಟಪಡುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಷ್ಟೋ ಪಂಪುಗಳು ಅದಕ್ಕಿಂತ ಹೆಚ್ಚು ಕೊಡುತ್ತವೆ. ಇಂಜೆಕ್ಷನ್ ಕಾರುಗಳ ಪಂಪಂತೂ ಹತ್ತಾರು ಪಟ್ಟು. ಅದನ್ನು ಕಾರ್ಬ್ಯುರೇಟರ್ ಕಾರಿಗೆ ಹಾಕುವವರ ಕೈ ಹಿಡಿದು ತಡೆಯಬೇಕು.

ವೈರಿಂಗ್ ಬಗ್ಗೆ ಒಂದು ಮಾತು, ಮೇಸ್ತ್ರಿಗಳು ಇಲ್ಲೇ ಎಡವುತ್ತಾರೆ. ಮೈನರ್ ಪಾಸಿಟಿವ್ ಅರ್ತ್ ಕಾರು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಿರುತ್ತದೆ. ಪಾಯಿಂಟ್ ಇರುವ ಹಳೆಯ ಎಸ್‌ಯು ಪಂಪಿಗೆ ಅರ್ತ್ ಯಾವುದಾದರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಪಂಪಿಗೆ ನಡೆಯುವುದಿಲ್ಲ. ಉಲ್ಟಾ ಕೊಟ್ಟರೆ ಅದು ಅಲ್ಲೇ ಸತ್ತುಹೋಗಬಹುದು. ಹೆಚ್ಚಿನವು ನೆಗೆಟಿವ್ ಅರ್ತ್‌ಗೆಂದೇ ಬರುತ್ತವೆ. ಪಾಯಿಂಟ್ ಸುಡುವುದೇ ತಲೆನೋವಾದರೆ, ಎಸ್‌ಯು ಪಂಪುಗಳನ್ನು ಇಂದಿಗೂ ತಯಾರಿಸುತ್ತಿರುವ ಇಂಗ್ಲೆಂಡಿನ ಬರ್ಲೆನ್ ಕಂಪನಿ ಹಳೆಯ ಮೈಕಟ್ಟಿನಲ್ಲೇ ಎಲೆಕ್ಟ್ರಾನಿಕ್ ಒಳಭಾಗವಿರುವ ಪಂಪ್ ಕೊಡುತ್ತದೆ. ನಿಮ್ಮ ಕಾರಿನ ಅರ್ತ್ ಹೇಳಿ ತರಿಸಿದರೆ ಫೈರ್‌ವಾಲಿನ ಹಳೆಯ ಬೋಲ್ಟುಗಳಿಗೇ ಕೂರುತ್ತದೆ.

ಪಂಪಿನ ಜಾಗದ ಪ್ರಶ್ನೆಯನ್ನು ಈಗ ಇನ್ನಷ್ಟು ಬಿಸಿ ಮಾಡಿರುವುದು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು, ಈಗ ಅದೇ ಎಲ್ಲೆಡೆ ಸಿಗುವ ಪೆಟ್ರೋಲ್. ಶೇಕಡ 10ರ ಮಿಶ್ರಣವೇ ಆವಿಯ ಒತ್ತಡವನ್ನು ಸುಮಾರು 7 ಕಿಲೋಪಾಸ್ಕಲ್ ಏರಿಸಬಲ್ಲದು. ಅರ್ಧ ಮೀಟರ್ ಎಳೆಯುವುದರಿಂದ ಆಗುವ ನಷ್ಟಕ್ಕಿಂತ ಇದು ಹೆಚ್ಚು. ಅದಕ್ಕಿಂತ ಮುಖ್ಯವಾಗಿ ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಉಬ್ಬಿಸುತ್ತದೆ, ಬಿರಿಯಿಸುತ್ತದೆ. ಐದು ವರ್ಷದ ಹಿಂದೆ ಸರಿಯಿದ್ದ ಹೋಸ್ ಈಗ ಗಾಳಿ ಎಳೆಯತೊಡಗಿದ್ದರೆ ಕಾರಣ ಇದಿರಬಹುದು. ಎಥನಾಲ್ ತಾಳುವ ಹೋಸ್ ಮತ್ತು ಡಯಾಫ್ರಮ್ ಹಾಕಿಸುವುದು ಪಂಪನ್ನು ಎತ್ತಂಗಡಿ ಮಾಡುವುದಕ್ಕಿಂತ ಅಗ್ಗ. ಹಿಂದೆ ಹಾಕಿದ ಪಂಪಿನ ಒತ್ತಡದ ಪೈಪಿನಲ್ಲೂ ಇದೇ ರಬ್ಬರ್ ತುಂಡುಗಳಿವೆ ಎಂಬುದನ್ನು ಮರೆಯಬೇಡಿ.

ಇನ್ನು ಮೂಲ ಸ್ವರೂಪದ ಪ್ರಶ್ನೆ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ಕೇಂದ್ರ ನಿಯಮದಲ್ಲಿ 'ವಿಎ' ಸರಣಿಯ ನಂಬರ್ ಸಿಗಬೇಕಾದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿರಬಾರದು. ಪಂಪ್ ಸರಿಸಿದ್ದನ್ನು ದೊಡ್ಡ ಮಾರ್ಪಾಡು ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಫೈರ್‌ವಾಲಿನ ಹಳೆಯ ತೂತುಗಳನ್ನು ವೆಲ್ಡ್ ಮಾಡಿ ಮುಚ್ಚಿ, ಹಿಂದಿನ ತಗಡಿನಲ್ಲಿ ಹೊಸ ತೂತು ಕೊರೆದು, ಅದಕ್ಕೆ ಬಣ್ಣ ಹೊಡೆಸಿ, 'ಕಂಪನಿ ಕಂಡೀಷನ್' ಎಂದು ಮಾರುವುದನ್ನು ರಿಸ್ಟೊರೇಷನ್ ಎಂದು ಕರೆಯಲಾಗದು. ಸರಿಸಲೇಬೇಕೆಂದಿದ್ದರೆ ಈಗಿರುವ ಬೋಲ್ಟಿಗೆ ಬ್ರಾಕೆಟ್ ಕಟ್ಟಿ, ಹಳೆಯ ಪಂಪನ್ನು ಡಬ್ಬಿಯಲ್ಲಿ ಕಾರಿನ ಜೊತೆಗೇ ಇಟ್ಟುಕೊಳ್ಳಿ. ಮುಂದಿನ ಮಾಲೀಕ ವಾಪಸ್ ಹಾಕಿಕೊಳ್ಳುವಂತಿರಲಿ.

ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಡಿ ಮುಂದಿನ ಸಲ ನಿಂತಾಗ, ಕೀ ಆಫ್ ಮಾಡಿ, ಬೀಡಿ ಸಿಗರೇಟು ಹಿಡಿದವರನ್ನು ದೂರ ಕಳಿಸಿ, ಮ್ಯಾನಿಫೋಲ್ಡ್ ಮುಟ್ಟುವಷ್ಟು ಆರಿದ ಮೇಲೆ ಫ್ಲೋಟ್ ಚೇಂಬರಿನ ಮುಚ್ಚಳ ತೆಗೆದು ನೋಡಿ. ಒಳಗೆ ತುಂಬಾ ಪೆಟ್ರೋಲ್ ಇದ್ದರೆ ಪಂಪ್ ನಿರಪರಾಧಿ, ಸ್ಪಾರ್ಕ್ ಹುಡುಕಿ. ಖಾಲಿ ಇದ್ದು, ಮುಚ್ಚಳ ಮತ್ತೆ ಹಾಕಿ ಕೀ ತಿರುಗಿಸಿದಾಗ ಪಂಪ್ ಒಂದೇ ಸಮನೆ ಬಡಿಯುತ್ತಿದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ಪ್ರತಿ ಜಾಯಿಂಟನ್ನು ನೋಡಿ, ಪೈಪು ಬಿಸಿಯ ಹತ್ತಿರ ಎಲ್ಲಿ ಹಾಯುತ್ತದೆಂದು ನೋಡಿ. ಇಷ್ಟೂ ಸರಿಯಿದ್ದು ಗಾಡಿ ಮತ್ತೂ ನಿಂತರೆ ಆಗ ಪಂಪಿನ ಜಾಗದ ಮಾತಾಡೋಣ.

ಈಗಾಗಲೇ ಪಂಪನ್ನು ಹಿಂದಕ್ಕೆ ಹಾಕಿಸಿಕೊಂಡವರಿಗೆ ನನ್ನದೊಂದೇ ವಿನಂತಿ. ಗುದ್ದು ಬಿದ್ದೊಡನೆ ಪಂಪಿನ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಒಂದನ್ನು ಹಾಕಿಸಿ, ಸರಿಯಾದ ಫ್ಯೂಸ್ ಹಾಕಿಸಿ, ಸೀಟಿನ ಕೆಳಗೆ ಹಾಯುವ ಆ ಹಳೆಯ ಪೈಪನ್ನು ಪೂರ್ತಿ ಬದಲಿಸಿ. ಮೂರಕ್ಕೂ ಆಗುವ ಖರ್ಚು ಕಾರಿನ ಒಂದು ಬಾಗಿಲಿಗೆ ಬಣ್ಣ ಹೊಡೆಸುವುದಕ್ಕಿಂತ ಹೆಚ್ಚೇನಿಲ್ಲ. ಮುಂದಿನ ರ‍್ಯಾಲಿಗೆ ಹೊರಡುವ ಮೊದಲೇ ಮಾಡಿಸಿ.